ಕೂಸಿನ ಹೊತ್ತೇ ದಾರಿಯ ಹೊತ್ತು

ಮಗಾ, ಅಮ್ಮಣ್ಣಿ, ಇಬ್ಬರೂ ಹೀಗೆ ಬಂದು ಕುಳಿತು ಕೇಳಿ. ಕೂಸನ್ನು ಕರೆದುಕೊಂಡು ಕಾರಿನಲ್ಲಿ ಧಾರವಾಡದವರೆಗೂ, ಅಲ್ಲಿಂದ ಘಟ್ಟ ಇಳಿದು ಮಂಜೇಶ್ವರದವರೆಗೂ ಹೋಗಿ ನಂಟರನ್ನೂ ಗೆಳೆಯರನ್ನೂ ಕಂಡು ಬರುತ್ತೇವೆ ಎಂದಿರಿ. ವರ್ಷ ತುಂಬದ ಮಗುವನ್ನು ಅಷ್ಟು ದೂರ ಯಾಕೆ ಅಲೆಸಬೇಕು ಎಂದು ಬೀದಿಯಲ್ಲಿ ಕೇಳುವವರಿದ್ದಾರೆ. ನಾನು ಬೇಡ ಅನ್ನುವುದಿಲ್ಲ. ಹೋಗಿ, ಸಂತೋಷವಾಗಿ ಹೋಗಿ. ಎರಡು ಮಾತನ್ನು ಮಾತ್ರ ಗಂಟು ಹಾಕಿಕೊಂಡು ಹೊರಡಿ. ನಮ್ಮ ಮನೆಗೆ ಬರಲು ಆಗದವರ ಮನೆಗೆ ಮೊದಲು ಹೋಗಿ. ದಿನಕ್ಕೆ ಎಷ್ಟು ದೂರ, ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದನ್ನು ಕೂಸಿನ ಹೊಟ್ಟೆಯೂ ನಿದ್ದೆಯೂ ತೀರ್ಮಾನಿಸಲಿ. ಮುಂದೆ ನಾನು ಹೇಳುವುದೆಲ್ಲ ಈ ಎರಡು ಮಾತಿನ ವಿವರ.

ಹೋಗಿ ಎಂದು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ನಮ್ಮಂಥವರ ಬಂಧುತ್ವ ಗಡಿಗಳ ಮೇಲೆ ಹರಡಿಕೊಂಡಿದೆ. ನಾನು ಚಿಕ್ಕವಳಿದ್ದಾಗ ಹೊಸೂರು ತಾಲ್ಲೂಕಿನ ನಮ್ಮ ಬಾಗಲೂರು ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದಾಗ ಹೊಸೂರು ತಾಲ್ಲೂಕು ಮದರಾಸಿನಲ್ಲೇ ಉಳಿಯಿತು, ಕಾಸರಗೋಡು ಕೇರಳಕ್ಕೆ ಹೋಯಿತು, ಧಾರವಾಡ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂತು. ಮನೆಗಳಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂದುಕೊಂಡು ನಾವು ಬಾಳಿದೆವು. ಆಗೆಲ್ಲ ನಾಮಕರಣ, ಮುಡಿ, ಮದುವೆ ಎಂದು ಬಸ್ಸು, ರೈಲು ಹತ್ತಿ ಹೋಗಿಬರುತ್ತಿದ್ದುದರಿಂದ ಸಂಬಂಧ ಉಳಿಯಿತು. ಈಗ ಅವರಿಗೂ ವಯಸ್ಸಾಗಿದೆ, ನನಗೂ ವಯಸ್ಸಾಗಿದೆ. ಫೋನಿನಲ್ಲಿ ಮುಖ ಕಾಣುತ್ತದೆ, ನಿಜ. ಆದರೆ ಎಂಬತ್ತು ದಾಟಿದವರಿಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ತಲೆ ಮೂಸಿದಾಗ ಆಗುವ ತೃಪ್ತಿ ಪರದೆಯಲ್ಲಿ ಸಿಗುವುದಿಲ್ಲ. ನೀವು ಕಾರಿನಲ್ಲಿ ಒಯ್ಯುತ್ತಿರುವುದು ಆ ತೃಪ್ತಿಯನ್ನು.

ಆದ್ದರಿಂದ ಮೊದಲು ಮನೆಗಳ ಪಟ್ಟಿ ಮಾಡಿ, ಆಮೇಲೆ ಅರ್ಧ ಹೊಡೆದುಹಾಕಿ. ನೀವು ಹೇಳಿದ ಹೆಸರುಗಳನ್ನೆಲ್ಲ ಕೂಡಿಸಿದರೆ ಕೂಸು ದಿನಕ್ಕೆ ಮೂರು ಮನೆಯ ಹೊಸಿಲು ದಾಟಬೇಕಾಗುತ್ತದೆ. ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೊಸ ಮುಖ ಕಂಡರೆ ಅಂಜಿಕೆ ಬರುವ ಕಾಲ ಅದು. ಒಂದು ಮನೆಗೆ ಹೊಂದಿಕೊಳ್ಳಲು ಅದಕ್ಕೆ ಅರ್ಧ ದಿನವಾದರೂ ಬೇಕು. ಹೊಂದಿಕೊಳ್ಳುವ ಹೊತ್ತಿಗೆ ಎತ್ತಿಕೊಂಡು ಹೊರಟರೆ ಮಗು ಅಳುತ್ತದೆ, ಆ ಮನೆಯ ಹಿರಿಯರಿಗೂ ಮಗು ತಮ್ಮ ಹತ್ತಿರ ಬರಲಿಲ್ಲವಲ್ಲ ಎಂಬ ಕೊರಗು ಉಳಿಯುತ್ತದೆ. ಐದು ಮನೆ ಸಾಕು: ತುಮಕೂರಿನ ನಿನ್ನ ಗೆಳೆಯ, ಚಿತ್ರದುರ್ಗದ ನಿನ್ನ ಸೋದರತ್ತೆ, ಧಾರವಾಡದಲ್ಲಿರುವ ನನ್ನ ತಂಗಿ, ಮಂಜೇಶ್ವರದ ನನ್ನ ಗೆಳತಿ, ಮೈಸೂರಿನಲ್ಲಿರುವ ಅಮ್ಮಣ್ಣಿಯ ದೊಡ್ಡಮ್ಮ. ಚಿತ್ರದುರ್ಗದವಳು ನನ್ನ ಮಗಳೇ, ಆದರೂ ಹೇಳುತ್ತೇನೆ, ಅಲ್ಲಿ ಒಂದೇ ರಾತ್ರಿ ಉಳಿಯಿರಿ. ಅವಳಿಗೆ ಕೈಕಾಲು ಗಟ್ಟಿಯಿದೆ, ಯುಗಾದಿಗೆ ಇಲ್ಲಿಗೇ ಬರುತ್ತಾಳೆ. ಧಾರವಾಡದ ಚಿಕ್ಕಜ್ಜಿ ಮಂಚ ಬಿಟ್ಟು ಏಳಲಾರಳು, ಅಲ್ಲಿ ಮೂರು ರಾತ್ರಿ ಇರಿ. ಉಳಿದ ನಂಟರಿಗೆ ಮೊದಲೇ ಫೋನು ಮಾಡಿ, ‘ನಾವು ಇಂಥ ದಿನ ಇಂಥವರ ಮನೆಯಲ್ಲಿರುತ್ತೇವೆ, ನೀವೇ ಬಂದು ಕೂಸನ್ನು ನೋಡಿ’ ಎಂದು ಕರೆಯಿರಿ. ಕರೆದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೇಳದೆ ಅವರ ಊರು ದಾಟಿ ಹೋದರೆ ಮಾಡಿಕೊಳ್ಳುತ್ತಾರೆ.

ಯಾವಾಗ ಹೊರಡಬೇಕು ಎಂಬುದಕ್ಕೆ ನಿಮ್ಮ ಕೆಲಸವೂ ಕೂಸಿನ ಸೂಜಿಯೂ ಒಂದೇ ಉತ್ತರ ಹೇಳುತ್ತಿವೆ. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಹೊಸೂರು, ಬಾಗಲೂರು ಕಡೆಯ ಗುಲಾಬಿ ಹೊರದೇಶಕ್ಕೂ ಹೋಗುತ್ತದೆ. ಅಲ್ಲಿಯವರೆಗೆ ನಿಮ್ಮ ಗುಲಾಬಿಯ ಪಾಲಿಹೌಸ್ ಬಿಟ್ಟು ನೀವು ಕದಲುವಂತಿಲ್ಲ. ಕೂಸಿಗೆ ಜನವರಿ ಕೊನೆಗೆ ಒಂಬತ್ತು ತಿಂಗಳು ತುಂಬುತ್ತದೆ. ದಡಾರ ಮತ್ತು ರುಬೆಲ್ಲಾದ ಮೊದಲ ಸೂಜಿ ಹಾಕಿಸುವುದು, ಎ ಜೀವಸತ್ವದ ಹನಿ ಕುಡಿಸುವುದು ಆಗಲೇ. ದಡಾರ ಗಾಳಿಯಲ್ಲಿ ಹರಡುವ ರೋಗ. ಹತ್ತಾರು ಊರಿನ ಜನ ಎತ್ತಿ ಮುದ್ದಾಡುವ ಮಗುವಿಗೆ ಆ ಸೂಜಿ ಬಿದ್ದಿರಲೇಬೇಕು. ಹಾಕಿಸಿದ ಮೇಲೆ ಮೈಯಲ್ಲಿ ಶಕ್ತಿ ಕೂಡಲು ಸುಮಾರು ಎರಡು ವಾರ ಬೇಕು, ಕೆಲವು ಮಕ್ಕಳಿಗೆ ಒಂದು ವಾರ ಕಳೆದು ಸಣ್ಣ ಜ್ವರವೂ ಬರುತ್ತದೆ. ತಿಂಗಳು ತುಂಬಿದ ಕೂಡಲೇ ಹಾಕಿಸಿ, ಹೂವಿನ ಲೋಡು ಮುಗಿಸಿ, ಫೆಬ್ರವರಿ ಮಧ್ಯ ದಾಟಿದ ಮೇಲೆ ಹೊರಡಿ. ಮಾರ್ಚ್ ಬಲಿಯುವ ಮುಂಚೆ ವಾಪಸು ಬಂದುಬಿಡಿ, ಆಮೇಲೆ ಬಯಲು ಸೀಮೆಯ ಬಿಸಿಲು ಕೂಸು ತಡೆಯುವಂಥದ್ದಲ್ಲ. ಮಳೆಗಾಲಕ್ಕೆ ಮುಂದೂಡುವ ಯೋಚನೆಯೂ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೇ ಬಿತ್ತು, ದಾರಿಬದಿಯಲ್ಲಿದ್ದ ಜನ ಸತ್ತರು. ನೀವು ಹೋಗುವ ದಾರಿ ಅದೇ.

ದಾರಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಹೊಸೂರಿನ ಹೆದ್ದಾರಿ ಒಳ್ಳೆಯದು. 48ನೇ ರಾಷ್ಟ್ರೀಯ ಹೆದ್ದಾರಿ ಚೆನ್ನೈನಿಂದ ಕೃಷ್ಣಗಿರಿ, ಹೊಸೂರು, ಬೆಂಗಳೂರು, ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ ಹಾದು ದೆಹಲಿಯವರೆಗೂ ಹೋಗುತ್ತದೆ. ಆದರೆ ಅತ್ತಿಬೆಲೆ ದಾಟಿ ಬೆಂಗಳೂರಿನ ಒಳಗೆ ಸಿಕ್ಕಿಕೊಂಡರೆ ಕೂಸಿನ ಅರ್ಧ ದಿನ ಹೊಗೆಯಲ್ಲೇ ಹೋಗುತ್ತದೆ. ಬಾಗಲೂರಿನಿಂದ ನೇರ ಮಾಲೂರಿಗೆ ಹೋಗಿ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಮೇಲೆ ದಾಬಸ್‌ಪೇಟೆಗೆ ಬಂದು ಹೆದ್ದಾರಿ ಹಿಡಿಯಿರಿ. ಸ್ವಲ್ಪ ಸುತ್ತು, ಆದರೆ ಮಗು ನಿದ್ದೆ ಮಾಡುವ ದಾರಿ. ದಿನಕ್ಕೆ ಗಾಡಿ ಓಡುವುದು ನಾಲ್ಕು ಗಂಟೆ ಮೀರದಿರಲಿ. ಮೊದಲ ದಿನ ತುಮಕೂರಿಗೇ ನಿಂತುಬಿಡಿ. ಎರಡನೇ ದಿನ ಚಿತ್ರದುರ್ಗ. ಅಲ್ಲಿಂದ ಧಾರವಾಡ ಇನ್ನೂರು ಕಿಲೋಮೀಟರಿಗೂ ಹೆಚ್ಚು, ಅದನ್ನು ಎರಡು ಪಾಲು ಮಾಡಿ, ಮಧ್ಯಾಹ್ನ ಹಾವೇರಿ ಕಡೆ ಎಲ್ಲಾದರೂ ನೆರಳಲ್ಲಿ ಎರಡು ಗಂಟೆ ಸುಧಾರಿಸಿಕೊಂಡು ಹೋಗಿ.

ಬೆಳಗ್ಗೆ ಕೂಸು ಎದ್ದು, ಹಾಲು ಕುಡಿದು, ಹೊಟ್ಟೆ ಖಾಲಿ ಮಾಡಿಕೊಂಡ ಮೇಲೆ ಹೊರಡಿ. ಬೆಳಗಿನ ನಿದ್ದೆಯ ಹೊತ್ತಿಗೆ ಗಾಡಿ ಓಡುತ್ತಿದ್ದರೆ ಅರ್ಧ ದಾರಿ ತಾನಾಗಿ ಸಾಗುತ್ತದೆ. ರಾತ್ರಿ ಓಡಿಸಿದರೆ ಮಗು ಮಲಗಿರುತ್ತದೆ, ದಾರಿ ಬೇಗ ಕಳೆಯುತ್ತದೆ ಎಂದು ನಿನ್ನ ಗೆಳೆಯರು ಹೇಳಬಹುದು. ಮಗಾ, ಅದನ್ನು ಕೇಳಬೇಡ. ರಾತ್ರಿ ಹೆದ್ದಾರಿ ಬದಿಯಲ್ಲಿ ದೀಪವಿಲ್ಲದೆ ನಿಂತ ಲಾರಿಗಳೆಷ್ಟೋ. ಬೆಳಗಿನ ಜಾವ ಎಷ್ಟೇ ಗಟ್ಟಿಗನಾದರೂ ಕಣ್ಣು ಮುಚ್ಚುತ್ತದೆ. ಸಂಜೆ ಐದಕ್ಕೆ ಗಾಡಿ ನಿಲ್ಲಿಸಿ, ಕೂಸು ಕತ್ತಲಾಗುವ ಮುಂಚೆ ಹೊಸ ಜಾಗವನ್ನು ಬೆಳಕಿನಲ್ಲಿ ನೋಡಲಿ.

ಈಗ ಒಂದು ಗಟ್ಟಿ ಮಾತು. ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಇಲ್ಲ ಎಂದು ನಾವೆಲ್ಲ ನಂಬಿದವರು. ಮನೆಯಲ್ಲಿ ಅದು ಸತ್ಯ. ಓಡುವ ಕಾರಿನಲ್ಲಿ ಅಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಎಲ್ಲಾದರೂ ಗುದ್ದಿ ನಿಂತರೆ, 8 ಕಿಲೋ ಕೂಸು ಆ ಗಳಿಗೆಗೆ 200 ಕಿಲೋಗೂ ಮೀರಿದ ಭಾರವಾಗಿ ಮುಂದಕ್ಕೆ ಚಿಮ್ಮುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು. ಮಕ್ಕಳ ಕಾರ್ ಸೀಟು ತನ್ನಿ. ಹಿಂದಿನ ಸೀಟಿನ ಮೇಲೆ, ಮಗುವಿನ ಮುಖ ಕಾರಿನ ಹಿಂಬದಿಗೆ ಬರುವಂತೆ ಅದನ್ನು ಬಿಗಿಯಿರಿ. ಈ ವಯಸ್ಸಿನಲ್ಲಿ ತಲೆ ಭಾರ, ಕತ್ತು ಎಳೆಯದು. ಮುಖ ಹಿಂದಕ್ಕಿದ್ದರೆ ಪೆಟ್ಟನ್ನು ಕತ್ತಿನ ಬದಲು ಸೀಟಿನ ಬೆನ್ನು ಹೊರುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ, ಅದು ಉಬ್ಬಿದ ರಭಸವೇ ಕೂಸಿನ ಜೀವ ತೆಗೆಯಬಹುದು. ಪಟ್ಟಿಯ ಕೆಳಗೆ ದಪ್ಪ ಸ್ವೆಟರ್ ಬೇಡ, ಪಟ್ಟಿ ಸಡಿಲವಾಗುತ್ತದೆ. ಚಳಿಯಾದರೆ ಪಟ್ಟಿ ಹಾಕಿದ ಮೇಲೆ ಹೊದಿಕೆ ಹೊದಿಸಿ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, ಹದಿನಾಲ್ಕು ತುಂಬದ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿಕೊಂಡು ಓಡಿಸಿದರೆ 1,000 ರೂಪಾಯಿ ದಂಡವೂ ಉಂಟು. ದಂಡ ದೊಡ್ಡದಲ್ಲ. ಜೀವ ದೊಡ್ಡದು. ಮನೆಯಲ್ಲೇ ಹತ್ತು ದಿನ ಆ ಸೀಟಿನಲ್ಲಿ ಕೂರಿಸಿ ಆಡಿಸಿ, ಬೇರಿಗೆಯವರೆಗೆ, ಹೊಸೂರಿನವರೆಗೆ ಹೋಗಿಬನ್ನಿ. ಹೊರಡುವ ದಿನವೇ ಕಟ್ಟಿದರೆ ಕೂಸು ರಂಪ ಮಾಡುತ್ತದೆ, ಆಗ ನಿಮ್ಮ ಮನಸ್ಸು ಕರಗಿ ಮಡಿಲಿಗೆ ತೆಗೆದುಕೊಂಡುಬಿಡುತ್ತೀರಿ.

ಆ ಸೀಟಿನಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಕೂಸನ್ನು ತೆಗೆದು, ಚಾಪೆ ಹಾಸಿ ಕೈಕಾಲು ಆಡಲು ಬಿಡಿ. ಹಾಲು ಕುಡಿಸುವುದೂ ಆಗಲೇ, ಗಾಡಿ ನಿಂತ ಮೇಲೆ. ಓಡುವ ಗಾಡಿಯಲ್ಲಿ ಬಗ್ಗಿ ಹಾಲೂಡಿಸುವುದು ಇಬ್ಬರಿಗೂ ಅಪಾಯ. ತಮಿಳುನಾಡಿನ ಬಸ್ ನಿಲ್ದಾಣಗಳಲ್ಲಿ 2015ರಿಂದ ಹಾಲೂಡಿಸುವ ತಾಯಂದಿರಿಗೆ ಬೇರೆ ಕೋಣೆ ಮಾಡಿದ್ದಾರೆ. ಹೆದ್ದಾರಿ ಬದಿಯಲ್ಲಿ ಎಲ್ಲ ಕಡೆ ಅಂಥ ಅನುಕೂಲ ಸಿಗದು. ಕಿಟಕಿಗೆ ಕಟ್ಟಲು ಎರಡು ಹಳೆ ಸೀರೆಯ ತುಂಡು ಇಟ್ಟುಕೊಳ್ಳಿ. ಮಗಾ, ಆ ಹೊತ್ತಿನಲ್ಲಿ ಹೊರಗೆ ನಿಂತು ಕಾಯುವುದು, ನೀರು ತಂದು ಕೊಡುವುದು, ಲಂಗೋಟಿ ಬದಲಿಸುವುದು ನಿನ್ನ ಕೆಲಸ. ಅಮ್ಮಣ್ಣಿ, ಹಾಲೂಡಿಸುವಾಗ ಅವಸರ ಮಾಡಿಕೊಳ್ಳಬೇಡ, ನಾಚಿಕೆಯನ್ನೂ ಪಟ್ಟುಕೊಳ್ಳಬೇಡ. ನಿನಗೂ ಬಾಯಾರಿಕೆ ಹೆಚ್ಚು, ಕುಡಿಸುವ ಮುಂಚೆ ನೀನೊಂದು ಲೋಟ ನೀರು ಕುಡಿ.

ನಿಲ್ಲಿಸಿದಾಗ ಕೂಸು ಮಲಗಿದೆ, ಐದೇ ನಿಮಿಷ ಎಂದು ಕಾರಿನಲ್ಲಿ ಬಿಟ್ಟು ಕಾಫಿಗೆ ಇಳಿಯಬೇಡಿ. ಬಿಸಿಲಿನಲ್ಲಿ ಗಾಜು ಏರಿಸಿದ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿ ಶಾಖ ಏರುತ್ತದೆ. ಎಳೆ ಮೈ ನಮ್ಮ ಮೈಗಿಂತ ಮೂರು ನಾಲ್ಕು ಪಟ್ಟು ಬೇಗ ಕಾಯುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಒಬ್ಬರು ತಿಂದು ಬರಲಿ, ಇನ್ನೊಬ್ಬರು ಕೂಸಿನ ಜತೆ ಇರಲಿ, ಆಮೇಲೆ ಸರದಿ ಬದಲಿಸಿ.

ಊಟದ ಮಾತು. ಎದೆಹಾಲು ಇದ್ದೇ ಇದೆ. ಅದರ ಜತೆಗೆ ನಮ್ಮ ಮನೆಯ ರಾಗಿ ಸರಿ ಸಾಕು. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟನ್ನು ನಾನೇ ಡಬ್ಬಿಗೆ ತುಂಬಿ ಕೊಡುತ್ತೇನೆ. ಹೋದ ಮನೆಯಲ್ಲಿ ಒಲೆ ಸಿಗುತ್ತದೆ, ದಿನಕ್ಕೆ ಎರಡು ಸಲ ಹೊಸದಾಗಿ ಕಾಯಿಸಿ. ಬೆಳಗ್ಗೆ ಕಾಯಿಸಿದ್ದನ್ನು ಸಂಜೆಗೆ ಎತ್ತಿಡಬೇಡಿ. ಫ್ಲಾಸ್ಕಿನಲ್ಲಿ ಕುದಿಸಿದ ನೀರು ಇರಲಿ. ಬಾಳೆಹಣ್ಣು ಎಲ್ಲೂ ಸಿಗುತ್ತದೆ, ಸಿಪ್ಪೆಯೊಳಗೆ ಶುಚಿಯಾಗಿಯೂ ಇರುತ್ತದೆ. ದಾರಿಯಲ್ಲಿ ಹೊಸ ಹೊಸ ರುಚಿ ತೋರಿಸಬೇಡಿ. ಮನೆಯಲ್ಲಿ ತಿಂದು ಒಗ್ಗಿದ್ದನ್ನೇ ಕೊಡಿ. ದಾವಣಗೆರೆಯ ಬೆಣ್ಣೆ ದೋಸೆ, ಧಾರವಾಡದ ಪೇಡ ನಿಮಗೆ, ಕೂಸಿಗಲ್ಲ.

ಒಂದು ಸಣ್ಣ ಕೈಚೀಲವನ್ನು ಬೇರೆ ಮಾಡಿ, ಅದು ಸದಾ ಕೈಗೆ ಸಿಗುವಂತಿರಲಿ. ಅದರಲ್ಲಿ ಸೂಜಿಯ ಕಾರ್ಡು, ಥರ್ಮಾಮೀಟರ್, ಓಆರ್‌ಎಸ್ ಪುಡಿ ಇರಲಿ. ಜ್ವರದ ಔಷಧಿಯನ್ನು ಕೂಸಿನ ತೂಕಕ್ಕೆ ಎಷ್ಟು ಕೊಡಬೇಕೆಂದು ಸೂಜಿ ಹಾಕಿಸುವ ದಿನವೇ ಡಾಕ್ಟರರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಭೇದಿಯಾದರೆ ಓಆರ್‌ಎಸ್‌ನ ದೊಡ್ಡ ಪ್ಯಾಕೆಟನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ. ನಾಲ್ಕು ಲಕ್ಷಣ ನೆನಪಿರಲಿ: ಏನನ್ನೂ ಕುಡಿಯದಿರುವುದು, ಕುಡಿದದ್ದನ್ನೆಲ್ಲ ಕಕ್ಕುವುದು, ಸೆಟೆದುಕೊಳ್ಳುವುದು, ಎಬ್ಬಿಸಿದರೂ ಕಣ್ಣು ಬಿಡದೆ ಜೋಲುವುದು. ನಿಮಿಷಕ್ಕೆ ಐವತ್ತು ಅಥವಾ ಹೆಚ್ಚು ಸಲ ಉಸಿರಾಡಿದರೆ, ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಹೋದರೆ ಅದೂ ಅಪಾಯವೇ. ಇವುಗಳಲ್ಲಿ ಒಂದು ಕಂಡರೂ ನಂಟರ ಮನೆ ತಲುಪೋಣ ಎನ್ನದೆ ಹತ್ತಿರದ ಆಸ್ಪತ್ರೆಗೆ ಹೋಗಿ. 108 ಆಂಬುಲೆನ್ಸ್ ತಮಿಳುನಾಡು, ಕರ್ನಾಟಕ, ಕೇರಳ ಮೂರರಲ್ಲೂ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ 1033ಕ್ಕೆ ಫೋನು ಮಾಡಿ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎನ್ನುವ ಆಸ್ಪತ್ರೆ, ಮಂಗಳೂರಿನ ವೆನ್‌ಲಾಕ್ ದೊಡ್ಡ ಸರ್ಕಾರಿ ಆಸ್ಪತ್ರೆಗಳು, ಎಲ್ಲಿವೆ ಎಂದು ಮೊದಲೇ ನೋಡಿಕೊಂಡಿರಿ.

ಇಷ್ಟು ದಾರಿಯದಾಯಿತು. ದಾರಿಗಿಂತ ಕಷ್ಟದ್ದು ನಂಟರ ಮನೆ. ಅಲ್ಲಿ ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಾರೆ, ಅದಕ್ಕೇ ಬೇಡ ಅನ್ನುವುದು ಕಷ್ಟ. ಹೊಸಿಲಲ್ಲೇ ಆರತಿ ಎತ್ತುತ್ತಾರೆ, ದೃಷ್ಟಿ ತೆಗೆಯುತ್ತಾರೆ. ತೆಗೆಯಲಿ, ಅದರಿಂದ ಯಾವ ಕೆಡುಕೂ ಇಲ್ಲ, ಅವರ ಮನಸ್ಸು ತುಂಬುತ್ತದೆ. ಆಮೇಲೆ ಬಾಯಿಗೆ ಸಕ್ಕರೆ ಹಾಕಲು, ಜೇನು ನೆಕ್ಕಿಸಲು ಬರುತ್ತಾರೆ. ವರ್ಷ ತುಂಬುವವರೆಗೆ ಜೇನುತುಪ್ಪ ಕೂಡದೇ ಕೂಡದು. ಅದರಲ್ಲಿ ಇರಬಹುದಾದ ಒಂದು ಸೂಕ್ಷ್ಮಜೀವಿ ಎಳೆ ಕರುಳಿನಲ್ಲಿ ಬೆಳೆದು ನರಗಳನ್ನೇ ಸೋಲಿಸುವ ವಿಷ ಮಾಡುತ್ತದೆ. ಸಕ್ಕರೆಯನ್ನು ಕೂಸಿನ ಅಂಗೈಗೆ ಮುಟ್ಟಿಸಿ ನೀವು ಬಾಯಿಗೆ ಹಾಕಿಕೊಳ್ಳಿ, ಶಾಸ್ತ್ರವೂ ಆಯಿತು, ಹೊಟ್ಟೆಯೂ ಉಳಿಯಿತು. ಕಣ್ಣಿಗೆ ಕಾಡಿಗೆ ಬೇಡ, ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆಗೆ ಹಿಡಿಯುವುದೂ ಬೇಡ, ಎಳೆ ಪುಪ್ಪುಸಕ್ಕೆ ಹೊಗೆ ಹೊಗೆಯೇ. ನಾವೆಲ್ಲ ಹಾಗೆಯೇ ಬೆಳೆದೆವಲ್ಲ ಎಂದು ಹಿರಿಯರು ಹೇಳುತ್ತಾರೆ. ಬೆಳೆದವರು ನಾವಿದ್ದೇವೆ, ಹೇಳುತ್ತೇವೆ. ಬೆಳೆಯದೆ ಹೋದ ಮಕ್ಕಳು ಪ್ರತಿ ಮನೆಯಲ್ಲೂ ಇದ್ದರು, ಅವರ ಮಾತನ್ನು ಹೇಳಲು ಯಾರೂ ಇಲ್ಲ.

ಮುತ್ತು ಕೊಡಲು ಬಂದವರಿಗೆ, ‘ಪಾದಕ್ಕೆ ಕೊಡಿ ಅತ್ತೆ’ ಎಂದು ಕೂಸಿನ ಕಾಲು ಮುಂದೆ ಚಾಚಿ. ನೆಗಡಿ, ಕೆಮ್ಮು, ಮೈಮೇಲೆ ದದ್ದು ಇದ್ದವರು ದೂರದಿಂದಲೇ ನೋಡಲಿ. ಎತ್ತಿಕೊಳ್ಳುವವರು ಸೋಪು ಹಾಕಿ ಕೈ ತೊಳೆಯಲಿ. ಇದನ್ನು ಹೇಳುವುದು ಯಾರು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಮಗಾ, ನಿನ್ನ ಕಡೆಯ ನಂಟರಿಗೆ ನೀನೇ ಹೇಳಬೇಕು, ಅಮ್ಮಣ್ಣಿಯ ಬಾಯಿಂದ ಹೇಳಿಸಬೇಡ. ಸೊಸೆ ಹೇಳಿದರೆ ಗರ್ವ ಅನ್ನುತ್ತಾರೆ, ಮಗ ಹೇಳಿದರೆ ಜಾಣತನ ಅನ್ನುತ್ತಾರೆ. ಅದು ಅನ್ಯಾಯವೇ, ಆದರೆ ಇರುವುದು ಹಾಗೆ. ‘ಡಾಕ್ಟರು ಹೇಳಿದ್ದಾರೆ, ಅಜ್ಜಿಯೂ ಆಣೆ ಮಾಡಿಸಿದ್ದಾರೆ’ ಎಂದು ನನ್ನ ಹೆಸರು ಹೇಳು, ಕೋಪ ಇದ್ದರೆ ನನ್ನ ಮೇಲೆ ಇರಲಿ. ಮೈಸೂರಿನಲ್ಲಿ ಅಮ್ಮಣ್ಣಿ ಹೇಳಲಿ, ಅದು ಅವಳ ತವರಿನ ಕಡೆ.

ಹೋದ ಕೂಡಲೇ ಆ ಮನೆಯನ್ನು ಒಂದು ಸಲ ಮಂಡಿಯೂರಿ ಕೂಸಿನ ಎತ್ತರದಿಂದ ನೋಡಿ. ತೆರೆದ ನೀರಿನ ತೊಟ್ಟಿ, ಬಕೆಟ್ಟು, ಮೆಟ್ಟಿಲು, ವೈರು, ಔಷಧಿ ಮಾತ್ರೆ. ಚಿತ್ರದುರ್ಗ, ಚಳ್ಳಕೆರೆ ಕಡೆ ಮನೆ ತುಂಬ ಕಡಲೆಕಾಯಿ, ಕರಾವಳಿಯಲ್ಲಿ ಅಡಿಕೆ ಚೂರು. ಅಂಬೆಗಾಲಿಡುವ ಕೂಸಿನ ಗಂಟಲಿಗೆ ಎರಡೂ ಶತ್ರು. ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದರೆ ಬಾಯಿಗೆ ಬೆರಳು ಹಾಕಿ ತಡಕಬೇಡಿ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಬರುವಂತೆ ಹಿಡಿದು, ಎರಡು ರೆಕ್ಕೆಮೂಳೆಯ ನಡುವೆ ಅಂಗೈಯಿಂದ ಐದು ಪೆಟ್ಟು ಕೊಡಿ. ಬರದಿದ್ದರೆ ತಿರುಗಿಸಿ, ಎದೆಯ ನಡುವೆ ಐದು ಸಲ ಒತ್ತಿ, ಹೊರಬರುವವರೆಗೂ ಹಾಗೆಯೇ ಮಾಡಿ. ಹೊರಡುವ ಮುಂಚೆ ಇಬ್ಬರೂ ನರ್ಸಮ್ಮನ ಹತ್ತಿರ ಹೋಗಿ ಇದನ್ನು ಕಣ್ಣಾರೆ ನೋಡಿ ಕಲಿತುಕೊಳ್ಳಿ. ರಾತ್ರಿ ಎತ್ತರದ ಮಂಚ ಬೇಡ. ನೆಲದ ಮೇಲೆ ಗಟ್ಟಿ ಹಾಸಿಗೆ ಹಾಸಿ ಅಂಗಾತ ಮಲಗಿಸಿ, ದಿಂಬು ಬೇಡ. ಮನೆಯಲ್ಲಿ ಹೊದೆಯುವ ಅದೇ ಹಳೆ ಬಟ್ಟೆ, ಅದೇ ಕುಲಾವಿ ಒಯ್ಯಿರಿ. ತನ್ನ ಮನೆಯ ವಾಸನೆ ಇದ್ದರೆ ಕೂಸು ಬೇಗ ನಿದ್ದೆ ಹೋಗುತ್ತದೆ.

ಧಾರವಾಡದಲ್ಲಿ ಮೂರು ದಿನ ಸುಧಾರಿಸಿಕೊಂಡ ಮೇಲೆ ಹುಬ್ಬಳ್ಳಿ, ಯಲ್ಲಾಪುರ ಮೇಲೆ ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಬರುತ್ತೀರಿ. ಘಟ್ಟ ಇಳಿಯುವಾಗ ಕಿವಿ ಕಟ್ಟಿ ಕೂಸು ಚೀರುತ್ತದೆ, ಏನನ್ನಾದರೂ ನುಂಗಿದರೆ ಬಿಡುತ್ತದೆ. ಪಕ್ಕದಲ್ಲಿ ಕುಳಿತವರು ಆಗಾಗ ಒಂದೊಂದು ಗುಟುಕು ನೀರು ಕೊಡಿ, ತಿರುವುಗಳಲ್ಲಿ ನಿಧಾನವಾಗಿ ಹೋಗಿ. ಆ ರಾತ್ರಿ ಕುಮಟಾದಲ್ಲಿ ಉಳಿಯಿರಿ. ಕರಾವಳಿಯಲ್ಲಿ ಸೆಕೆ, ಒಂದು ತೆಳು ಅಂಗಿ ಸಾಕು. ಸೊಳ್ಳೆ ಪರದೆ ಮರೆಯಬೇಡಿ, ಮಂಗಳೂರಿನ ಕಡೆ ಮಲೇರಿಯಾದ ಕಾಟ ಹಳೆಯದು. ಸಮುದ್ರವನ್ನು ಬೆಳಗ್ಗೆ, ಸಂಜೆ ದೂರದಿಂದ ತೋರಿಸಿ.

ಮಂಜೇಶ್ವರದ ಮನೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳುತ್ತೇನೆ. ಆ ಗೆಳತಿ ನಾನು ಮೈಸೂರಿನಲ್ಲಿ ಓದುವಾಗ ಕೋಣೆ ಹಂಚಿಕೊಂಡವಳು. ಅವಳ ಊರೂ ನಮ್ಮ ಊರೂ ಆಗ ಮದರಾಸಿನ ಆಡಳಿತದಲ್ಲಿದ್ದು ಆಮೇಲೆ ಬೇರೆಯಾದವು. ಅಲ್ಲಿಯ ಕವಿ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಗೌರವ ಕೊಟ್ಟದ್ದು ಮದರಾಸು ಸರ್ಕಾರವೇ. ಅವರ ಮನೆ ಈಗ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿದೆ, ಹೊತ್ತಿದ್ದರೆ ನೋಡಿ ಬನ್ನಿ. ಅವಳ ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ನಮ್ಮಂತೆಯೇ ಮೂರು ನುಡಿಗಳ ನಡುವೆ ತಮ್ಮ ಮಾತನ್ನು ಉಳಿಸಿಕೊಂಡವರು. ಆ ಘಟ್ಟ ಇಳಿಯುವ ಮೈ ಈಗ ನನ್ನದಲ್ಲ. ನನ್ನ ಬದಲು ಕೂಸು ಹೋಗಲಿ. ಅವಳು ಹಾಡಿ ಮಲಗಿಸಲು ಕೇಳಿದರೆ ಕೊಡಿ, ಆ ಹೊತ್ತಿನಲ್ಲಿ ಫೋನು ನೋಡುತ್ತ ಕೂರಬೇಡಿ. ಅವಳ ಜೋಗುಳವನ್ನೂ ಧಾರವಾಡದ ಚಿಕ್ಕಜ್ಜಿಯ ಜೋಗುಳವನ್ನೂ ದನಿಮುದ್ರಿಸಿಕೊಳ್ಳಿ. ಫೋನಿನಿಂದ ಆಗಬಹುದಾದ ಒಳ್ಳೆಯ ಕೆಲಸ ಅದು. ಅಳು ನಿಲ್ಲಿಸಲು ಕೂಸಿನ ಕೈಗೆ ಅದನ್ನು ಕೊಡಬೇಡಿ.

ವಾಪಸು ಬರುವಾಗ ಪುತ್ತೂರು, ಸುಳ್ಯ, ಸಂಪಾಜೆ ಘಟ್ಟ ಹತ್ತಿ ಮಡಿಕೇರಿ. ಸಮುದ್ರದ ಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರಕ್ಕೆ ಒಂದೇ ದಿನದಲ್ಲಿ ಏರುತ್ತೀರಿ. ಬೆಳಗ್ಗೆ ಬೆವರಿದ ಕೂಸಿಗೆ ಸಂಜೆ ಚಳಿ. ಉಣ್ಣೆ ಬಟ್ಟೆ ಚೀಲದ ಮೇಲ್ಗಡೆಯೇ ಇರಲಿ. ಮೈಸೂರಿನಲ್ಲಿ ಎರಡು ರಾತ್ರಿ ಇದ್ದು, ಹೆದ್ದಾರಿಯಲ್ಲಿ ಬಂದು, ನೈಸ್ ರಸ್ತೆಯಿಂದ ಹೊಸೂರು ರಸ್ತೆಗೆ ಇಳಿಯಿರಿ. ಮನೆ ಹತ್ತಿರ ಬಂತೆಂದು ಕೊನೆಯ ದಿನ ವೇಗ ಹೆಚ್ಚಿಸುವುದು ಎಲ್ಲರ ಅಭ್ಯಾಸ. ದಣಿವು ಹೆಚ್ಚಿರುವುದೂ ಆ ದಿನವೇ. ಅಂದೂ ಎರಡು ಗಂಟೆಗೊಮ್ಮೆ ನಿಲ್ಲಿ.

ನಿಮ್ಮಿಬ್ಬರ ನಡುವಿನ ಮಾತನ್ನೂ ಹೇಳಿಬಿಡುತ್ತೇನೆ. ದಾರಿಯಲ್ಲಿ ಕೂಸು ಅತ್ತೇ ಅಳುತ್ತದೆ. ಆಗ ಒಬ್ಬರ ಮೇಲೊಬ್ಬರು ರೇಗಬೇಡಿ. ಗಾಡಿ ಬದಿಗೆ ಹಾಕಿ, ಎತ್ತಿಕೊಂಡು ನಡೆಯಿರಿ. ಅಂದುಕೊಂಡ ಊರು ಮುಟ್ಟಲಾಗದಿದ್ದರೆ ಅಲ್ಲೇ ಉಳಿಯಿರಿ, ಮುಂದಿನ ಮನೆಗೆ ನಾಳೆ ಬರುತ್ತೇವೆ ಎಂದು ತಿಳಿಸಿ. ಹುಷಾರಿಲ್ಲದಿದ್ದರೆ ಅರ್ಧದಲ್ಲೇ ತಿರುಗಿ ಬನ್ನಿ. ಧಾರವಾಡದವರೆಗೆ ಹೋಗಿ ಬಂದರೂ ನನಗೆ ತೃಪ್ತಿಯೇ. ಮಂಜೇಶ್ವರ ಇನ್ನೊಂದು ವರ್ಷಕ್ಕೆ ಇರಲಿ. ಯಾವ ನಂಟರ ಮಾತೂ, ನನ್ನ ಮಾತೂ ಸೇರಿ, ಕೂಸಿನ ಆರೋಗ್ಯಕ್ಕಿಂತ ದೊಡ್ಡದಲ್ಲ.

ಬರಿಗೈಯಲ್ಲಿ ಹೋಗಬೇಡಿ. ಪ್ರತಿ ಮನೆಗೂ ರಾಗಿ ಹಿಟ್ಟು, ಹುರುಳಿ, ಈ ಸುಗ್ಗಿಯ ಹುಣಸೆಹಣ್ಣು ಕಟ್ಟಿಕೊಡುತ್ತೇನೆ. ಬಾಡುವ ಗುಲಾಬಿಗಿಂತ ಇವು ದಾರಿಗೆ ತಾಳುತ್ತವೆ. ಒಂದು ನೋಟುಪುಸ್ತಕವನ್ನೂ ಇಟ್ಟುಕೊಳ್ಳಿ. ಯಾವ ದಿನ ಯಾರ ಮನೆ, ಯಾರು ಎತ್ತಿಕೊಂಡರು, ಅವರು ಕೂಸಿಗೆ ಏನಾಗಬೇಕು ಎಂದು ಆ ರಾತ್ರಿಯೇ ಬರೆಯಿರಿ. ಕೂಸಿಗೆ ಈ ಪ್ರಯಾಣದ ಒಂದು ಗಳಿಗೆಯೂ ನೆನಪಿರುವುದಿಲ್ಲ. ಓದಲು ಕಲಿತ ದಿನ ಆ ಪುಸ್ತಕ ಕೊಟ್ಟರೆ, ತಾನು ಯಾರ ಯಾರ ತೊಡೆಯ ಮೇಲೆ ಕುಳಿತಿದ್ದೆ ಎಂದು ಅದಕ್ಕೆ ತಿಳಿಯುತ್ತದೆ.

ಮನೆಗೆ ಬಂದ ಮೇಲೆ ಐದೂ ಮನೆಗೆ ಫೋನು ಮಾಡಿ ಕ್ಷೇಮವಾಗಿ ಸೇರಿದೆವು ಎಂದು ಹೇಳಿ, ಕೂಸಿನ ತೊದಲು ಕೇಳಿಸಿ. ಬರಲು ಆಗುವವರನ್ನು ಯುಗಾದಿಗೆ ಕರೆಯಿರಿ. ಬರಲು ಆಗದವರ ಬಳಿಗೆ ಮುಂದಿನ ವರ್ಷ ಮತ್ತೆ ಹೋಗುತ್ತೇವೆಂದು ಹೇಳಿ, ಹೇಳಿದಂತೆ ಹೋಗಿ. ಒಂದು ಸಲ ಕಂಡು ಬಂದ ಮಾತ್ರಕ್ಕೆ ಸಂಬಂಧ ಉಳಿಯುವುದಿಲ್ಲ, ಹೋಗುತ್ತ ಬರುತ್ತ ಇದ್ದರೆ ಉಳಿಯುತ್ತದೆ. ಈಗ ಮೊದಲ ಕೆಲಸ, ನಾಳೆ ಬೆಳಗ್ಗೆ ಧಾರವಾಡಕ್ಕೆ ಫೋನು ಮಾಡಿ ನೀವು ಬರುವ ದಿನ ಇಂಥದ್ದು ಎಂದು ಚಿಕ್ಕಜ್ಜಿಗೆ ತಿಳಿಸಿ. ಎಣಿಸಿ ಕಾಯಲು ಅವಳಿಗೊಂದು ತಾರೀಖು ಬೇಕು.